ಹತ್ತೊಂಬತ್ತು ಅಡುಗೆಮನೆಗಳ ಹಿಂಬಾಗಿಲು

ನನ್ನ ಮೈದುನನನ್ನು ಬೀದಿಯವರೆಲ್ಲ ಎಣ್ಣೆ ಮಾಮ ಎನ್ನುತ್ತಾರೆ. ಹೊಸಬರು ಕೇಳಿದರೆ ಇವನು ಸಂಜೆಯಾದರೆ ತೂರಾಡುವ ಗಿರಾಕಿ ಎಂದುಕೊಳ್ಳಬೇಕು. ಅವನು ಕುಡಿಯುವುದು ಬಿಸಿನೀರು ಮಾತ್ರ. ಹೋಟೆಲುಗಳಲ್ಲಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಕ್ಯಾನಿಗೆ ಇಳಿಸಿಕೊಂಡು, ಹಳೇ ಬಟ್ಟೆಯಲ್ಲಿ ಸೋಸಿ, ಸೋಪು ಮಾಡುವವರಿಗೂ ಅದರಿಂದಲೇ ಡೀಸೆಲ್ ತೆಗೆಯುವ ಒಂದು ಸಣ್ಣ ಶೆಡ್ಡಿಗೂ ಮುಟ್ಟಿಸುವುದು ಇಪ್ಪತ್ತಾರು ವರ್ಷಗಳಿಂದ ಅವನ ಕಸುಬು. ಹತ್ತೊಂಬತ್ತು ಅಡುಗೆಮನೆಗಳ ಹಿಂಬಾಗಿಲು ಅವನಿಗೆ ತೆರೆದಿರುತ್ತಿತ್ತು. ಅವುಗಳ ಮುಂಬಾಗಿಲು ಹೇಗಿದೆಯೋ ನನಗೆ ಗೊತ್ತಿಲ್ಲ ಎಂದು ಅವನೇ ನಗುತ್ತಿದ್ದ.

ಅವನಿಗೆ ತನ್ನ ಬೆರಳುಗಳ ಮೇಲೆ ಬಹಳ ಹೆಮ್ಮೆ. ಒಂದು ತೊಟ್ಟು ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ, ಮೂಗಿಗೆ ಹಿಡಿದು, "ಮೀನು, ನಾಲ್ಕು ದಿನ" ಅಂದನೆಂದರೆ ಅದು ಮೀನೇ, ನಾಲ್ಕೇ ದಿನ. ನನ್ನ ಬಾಣಲೆಯನ್ನೂ ಬಿಟ್ಟವನಲ್ಲ. "ಅತ್ತಿಗೆ, ಈ ಎಣ್ಣೆ ಮೂರನೇ ಸಲ ಕಾಯಿಸ್ತಿದ್ದೀರಿ" ಅಂತ ನಮ್ಮ ಮನೆಯವರ ಎದುರಿಗೇ ಹೇಳಿ ನನ್ನ ಮಾನ ಕಳೆದಿದ್ದಾನೆ.

ಇಂಥವನನ್ನು ಹುಡುಕಿಕೊಂಡು ಪರಿಸರ ಸಂಘದ ಹುಡುಗಿಯೊಬ್ಬಳು ಮನೆಗೆ ಬಂದಳು. ಜೊತೆಗೆ ಗಡ್ಡ ಬಿಟ್ಟ ಒಬ್ಬ. ಡೀಸೆಲಿಗೆ ಗಿಡದ ಎಣ್ಣೆ ಬೆರೆಸಬೇಕೆಂದು ಸರ್ಕಾರ ಕಾನೂನು ತರುತ್ತಿದೆಯಂತೆ. ಹೊಗೆ ಕಡಿಮೆಯಾಗುತ್ತದಂತೆ. ಆದರೆ ಅಷ್ಟು ಎಣ್ಣೆಗಿಡ ಬೆಳೆಯುವುದಕ್ಕೆ ಕಾಡು ಸವರಬೇಕಂತೆ.

"ಗಾಳಿ ಚೊಕ್ಕ ಮಾಡೋಕೆ ಮರ ಕಡೀತಾರೆ ನೋಡಿ ಅಮ್ಮ" ಎಂದಳು ಹುಡುಗಿ.

ನನಗೆ ಅರ್ಥವಾಯಿತು. ಮನೆ ಒರೆಸಲು ಬಟ್ಟೆ ಬೇಕೆಂದು ಉಟ್ಟ ಸೀರೆಯನ್ನೇ ಹರಿದ ಹಾಗೆ.

ಕಾಡು ಬೇಡ, ಚರಂಡಿಗೆ ಹೋಗುವ ಕರಿದ ಎಣ್ಣೆಯಿಂದಲೇ ಇಂಧನ ಮಾಡಿ ಎನ್ನುವುದು ಅವರ ವಾದ. ಇದನ್ನು ಶಾಸಕರ ಸಮಿತಿಯ ಮುಂದೆ ಹೇಳಲು ಒಂದು 'ತಳಮಟ್ಟದ ದನಿ' ಬೇಕಾಗಿತ್ತು. ಮೈದುನ ತಳಮಟ್ಟದವನೆಂದು ನಮಗೆ ತಿಳಿದದ್ದು ಅವತ್ತೇ.

ಅವನು ಒಪ್ಪಿಕೊಂಡದ್ದು ಕಾಡಿನ ಮೇಲಿನ ಪ್ರೀತಿಯಿಂದಲ್ಲ. ಆಗಲೇ ಒಂದು ಟ್ಯಾಂಕರ್ ಕಂಪನಿ ಬಂದು ಅವನ ಎರಡು ಹಿಂಬಾಗಿಲುಗಳನ್ನು ಕಿತ್ತುಕೊಂಡಿತ್ತು. "ಕಾನೂನಿನಲ್ಲಿ ನಮ್ಮ ಮಾತು ಸೇರಿದ್ರೆ ಮಿಕ್ಕ ಹದಿನೇಳಾದ್ರೂ ಉಳೀತಾವೆ ಅತ್ತಿಗೆ" ಎಂದ.

ಮೂರು ವಾರ ತಾಲೀಮು ನಡೆಯಿತು. "ನೀವು ಸಹಜವಾಗಿ ಮಾತಾಡಿ" ಎನ್ನುತ್ತಿದ್ದ ಗಡ್ಡದವನು. ಇವನು ಸಹಜವಾಗಿ ಬಾಯಿಬಿಟ್ಟ ಕೂಡಲೇ "ಹಾಗಲ್ಲ, ಹಾಗಲ್ಲ" ಎನ್ನುತ್ತಿದ್ದ.

ಸಮಿತಿಯ ದಿನ ಒಬ್ಬನೇ ಹೋಗಲು ಒಲ್ಲೆನೆಂದು ನನ್ನನ್ನೂ ಕರೆದುಕೊಂಡು ಹೋದ. ಉದ್ದನೆಯ ಮೇಜು, ಕಂಬಳಿ ಹೊದೆಯುವಷ್ಟು ತಣ್ಣಗಿನ ಕೋಣೆ. ಟ್ಯಾಂಕರ್ ಕಂಪನಿಯವನೂ ಬಂದಿದ್ದ. "ನಾವೂ ಕರಿದ ಎಣ್ಣೆಯನ್ನೇ ಬಳಸೋದು ಸರ್" ಎಂದು ಒಂದು ಕಪ್ಪು ಬಾಟಲಿ ಮೇಜಿನ ಮೇಲಿಟ್ಟ. ಅಧ್ಯಕ್ಷರು ಟೇಬಲ್ ಫ್ಯಾನಿನ ಹಾಗೆ ಅವನ ಕಡೆಗೂ ಹುಡುಗಿಯ ಕಡೆಗೂ ಒಂದೇ ಸಮ ತಿರುಗಿ ತಲೆಯಾಡಿಸಿದರು.

ಮೈದುನ ಪಾಠ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ, ಒಬ್ಬರೂ ಕೇಳಲಿಲ್ಲ. ಶಾಸಕರೊಬ್ಬರು ಮೊಬೈಲಿನಲ್ಲಿ ಮುಳುಗಿದ್ದರು. ಅಲ್ಲಿಗೆ ಮುಗಿಸಿ ಕೂತಿದ್ದರೆ ಆಗುತ್ತಿತ್ತು. ಬಾಟಲಿ ಕೈಗೆಟುಕುವಷ್ಟು ದೂರದಲ್ಲಿತ್ತು. ಮುಚ್ಚಳ ತೆಗೆದ, ಉಜ್ಜಿದ, ಮೂಸಿದ.

"ಇದರಲ್ಲಿ ಏನೂ ಕರಿದಿಲ್ಲ ಸರ್. ಗಿಡದಿಂದ ತೆಗೆದ ಹೊಸ ಎಣ್ಣೆ. ಬಣ್ಣ ಬರಲಿ ಅಂತ ಹಳೇದು ಒಂದು ಸೌಟು ಸುರಿದಿದ್ದಾರೆ. ಕರಿದ ಎಣ್ಣೆ ಬೆರಳಿಗೆ ಅಂಟುತ್ತೆ, ಇದು ಜಾರುತ್ತೆ."

"ಮೂಗು ನಂಬ್ಕೊಂಡು ಕಾನೂನು ಮಾಡ್ತೀರಾ ಸರ್?" ಎಂದ ಕಂಪನಿಯವನು.

ಮೊಬೈಲ್ ಕೆಳಗಿಳಿಯಿತು. ಅಧ್ಯಕ್ಷರಿಗೆ ಹುರುಪು ಬಂದು, ತಮ್ಮದೇ ಕ್ಯಾಂಟೀನಿನ ಬಾಣಲೆಯಿಂದ ಒಂದು ಲೋಟ ಎಣ್ಣೆ ತರಿಸಿದರು.

"ಆಲೂಗಡ್ಡೆ. ಐದು ದಿನ" ಎಂದ ಮೈದುನ. "ನೀವು ಅಲ್ಲಿ ತಿನ್ಬೇಡಿ ಸರ್."

ಲೋಟ ತಂದ ಅಡುಗೆಯವನು ನೆಲ ನೋಡುತ್ತಾ ನಿಂತ. ಕೋಣೆಯೆಲ್ಲ ನಗು. ಮರುದಿನ ಪತ್ರಿಕೆಯಲ್ಲಿ ಇವನ ಮೂಗಿನ ಫೋಟೊ.

ಎರಡು ತಿಂಗಳಿಗೆ ಕಾನೂನು ಬಂತು. ಕಾಡು ಕಡಿಯುವಂತಿಲ್ಲ, ಕರಿದ ಎಣ್ಣೆಯೇ ಆಗಬೇಕು. "ಗೆದ್ವಿ ಅಮ್ಮ" ಎಂದು ಹುಡುಗಿ ನನ್ನನ್ನು ತಬ್ಬಿಕೊಂಡಳು. ಎರಡನೇ ಪುಟವನ್ನು ಅವಳಾಗಲಿ ಗಡ್ಡದವನಾಗಲಿ ಓದಿರಲಿಲ್ಲವೋ, ಓದಿಯೂ ಸುಮ್ಮನಿದ್ದರೋ. ಎಣ್ಣೆಯಲ್ಲಿ ಇಷ್ಟು ಸುಲಭವಾಗಿ ಮೋಸ ಮಾಡಬಹುದೆಂದು ಸಮಿತಿಗೆ ಮನವರಿಕೆಯಾದ್ದರಿಂದ, ಮುಚ್ಚಿದ ಟ್ಯಾಂಕರೂ ಪರೀಕ್ಷೆಯ ಯಂತ್ರವೂ ಇದ್ದು ಲೈಸೆನ್ಸ್ ಪಡೆದವರು ಮಾತ್ರ ಎಣ್ಣೆ ಎತ್ತಬೇಕು ಎಂದು ಅದರಲ್ಲಿತ್ತು. ಕಂಪನಿಯ ಬಳಿ ಟ್ಯಾಂಕರ್ ಮೊದಲೇ ಇತ್ತು. ಯಂತ್ರ ಕೊಂಡುಕೊಂಡಿತು. ಇವನ ಬಳಿ ಇದ್ದದ್ದು ಮೂಗು.

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹಳೇ ಅಡುಗೆಯವನೊಬ್ಬ ಕ್ಯಾನನ್ನು ವಾಪಸು ಕೊಡುತ್ತಾ ಹೇಳಿದನಂತೆ, "ಬೇಜಾರು ಮಾಡ್ಕೋಬೇಡ ಮಾಮ. ನಿನಗೆ ಕೊಟ್ರೆ ನಮಗೆ ದಂಡ. ಯಾವನೋ ಸಮಿತಿ ಮುಂದೆ ಹೋಗಿ ಜಾಣತನ ತೋರಿಸಿ ಬಂದನಂತೆ."

"ನೀನು ಏನಂದೆ?" ಎಂದು ಕೇಳಿದೆ.

"ಹೌದಂತೆ, ನಾನೂ ಕೇಳಿದೆ ಅಂದೆ."

ಈಗ ಮೂರು ಬಾಗಿಲು ಉಳಿದಿವೆ, ಅವೂ ಕದ್ದುಮುಚ್ಚಿ. ಹೋದ ವಾರ ಹುಡುಗಿ ಮತ್ತೆ ಬಂದಿದ್ದಳು. ಮುಖ ಸಣ್ಣದಾಗಿತ್ತು. ಸಣ್ಣವರಿಗೂ ಲೈಸೆನ್ಸ್ ಕೊಡಬೇಕೆಂದು ಸಂಘ ಹೊಸ ಮನವಿ ಬರೆದಿದೆಯಂತೆ.

"ಇನ್ನೊಂದು ಸಲ ಸಮಿತಿಗೆ ಹೋಗೋಣ ಅಣ್ಣ. ನಿಮ್ಮ ಮಾತು ಅವರು ಕೇಳ್ತಾರೆ."

ಮೈದುನ ಬಿಸಿನೀರಿನ ಲೋಟ ಕೆಳಗಿಟ್ಟ.

"ಬರ್ತೀನಿ ತಾಯಿ. ಹೋದ ಸಲ ಏನು ಹೇಳ್ಬೇಕು ಅಂತ ಮೂರು ವಾರ ಕಲಿಸಿದ್ರಿ. ಈ ಸಲ ಮಾತು ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದನ್ನ ಕಲಿಸಿ."

ಹುಡುಗಿ ತಲೆಯಾಡಿಸಿ, ಚೀಲದಿಂದ ಪುಸ್ತಕ ತೆಗೆದು, ಅದನ್ನೂ ಬರೆದುಕೊಂಡಳು.