ಹಸಿ ಅಚ್ಚಿಗೆ ಸುರಿದ ಹಿತ್ತಾಳೆ

ಕಮಲಾಪುರದ ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಭಟ್ಟಿ ಇತ್ತು. ನನ್ನ ಗಂಡ ಒಡೆದ ಹಿತ್ತಾಳೆ ಪಾತ್ರೆ ಕರಗಿಸಿ ಎತ್ತಿನ ಗಂಟೆ ಎರೆಯುತ್ತಿದ್ದರು. ತಿದಿ ಒತ್ತುವುದು ನನ್ನ ಕೆಲಸ. ಗಂಟೆ ಚೆನ್ನಾಗಿ ನುಡಿದರೆ ಹೊಗಳಿಕೆ ಮಾತ್ರ ಅವರಿಗೆ, ಇರಲಿ ಬಿಡಿ.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ವರ್ಷ. ಭಾರತದ ಮಿಲಿಟರಿ ಕಲಬುರಗಿಗೆ ಬಂತೆಂಬ ಸುದ್ದಿ ಮುಟ್ಟಿದ್ದೇ ತಡ, ನಮ್ಮೂರ ಗಂಡಸರೇ ಬಡಿಗೆ, ಕೊಡಲಿ ಹಿಡಿದು ಹೈದರಾಬಾದ್ ಸರ್ಕಾರದ ಕಡೆಯವರನ್ನು ಹುಡುಕುತ್ತ ಮನೆಮನೆ ಹೊಕ್ಕು ಜಡತಿ ಮಾಡತೊಡಗಿದರು. ಜಿಟಿಜಿಟಿ ಮಳೆ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದಳು. ನನ್ನ ಎದೆಹಾಲು ಬತ್ತಿದಾಗ ನನ್ನ ಮಗಳಿಗೆ ಹಾಲೂಡಿಸಿದ ಜೀವ ಅದು. ಅವಳ ಗಂಡ ಕಲಬುರಗಿಯ ರೋಜಾ ದರ್ಗಾದ ಹತ್ತಿರ ಅತ್ತರಿನ ಅಂಗಡಿಯಲ್ಲಿದ್ದ. ಯಾರದೋ ಮಾತು ಕೇಳಿ, ಹೈದರಾಬಾದ್ ಸರ್ಕಾರದ ಪರ ಆಯುಧ ಹಿಡಿದವರ ಗುಂಪಿನಲ್ಲಿ ನಾಲ್ಕು ದಿನ ಇದ್ದು, ಹೆದರಿ ಓಡಿಬಂದು ಮನೆಯ ಅಟ್ಟದಲ್ಲಿ ಅಡಗಿದ್ದ. ಆ ಗುಂಪಿನ ಹೆಸರು ಕೊರೆದಿದ್ದ ಅವನ ಸೊಂಟಪಟ್ಟಿಯ ಹಿತ್ತಾಳೆ ಬಿಲ್ಲೆ ಅವಳ ಮುಷ್ಟಿಯಲ್ಲಿತ್ತು.

“ಅಕ್ಕಾ, ಇದು ಸಿಕ್ಕರ ನಮ್ಮವ್ರನ್ನ ಉಳಸಂಗಿಲ್ಲ. ಬಾವ್ಯಾಗ ಒಗೀಬೇಕಂದ್ರ ಬಾವೀನೂ ಹುಡಕಾಕತ್ತಾರ. ಕರಗಿಸಿ ಬಿಡ್ರಿ.”

ನನ್ನ ಗಂಡ ಓಣಿಯ ಕಡೆ ನೋಡುತ್ತ ನಿಂತರು. ನನಗೆ ರೇಗಿತು.

“ಹಿಂಗ ಸುಮ್ನ ನಿಂತ್ರ ಹ್ಯಾಂಗ್ರೀ? ಭಟ್ಟಿ ಹಚ್ರಿ!” ಎಂದು ನಾನೇ ಇದ್ದಿಲು ಸುರಿದೆ.

ಒಡೆದ ತಂಬಿಗೆಯ ಚೂರುಗಳ ಜೊತೆ ಬಿಲ್ಲೆಯನ್ನೂ ಮೂಸೆಗೆ ಹಾಕಿದೆವು. ಅದರ ಮೇಲಿನ ಅಕ್ಷರಗಳು ಅಳಿಸಿ, ಬಿಲ್ಲೆ ಕರಗಿಹೋಯಿತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗದ್ದಲ ಎದ್ದಿತು. ಅವಳು ಮನೆಗೆ ಓಡಿದಳು.

“ಅಚ್ಚು ಇನ್ನಾ ಹಸಿ ಅದ. ಸಿಡೀತದ,” ಎಂದರು ಗಂಡ.

“ಅವ್ರು ಬಾಗಲಿಗೆ ಬಂದ ಮ್ಯಾಲ ಸುರೀತೀರೇನು? ಗಂಟಿ ಆತಂದ್ರ ಯಾರೂ ಕೇಳಂಗಿಲ್ಲ. ಸುರೀರಿ!”

ಮಣ್ಣಿನ ಅಚ್ಚಿನಲ್ಲಿ ನೀರಿನ ಪಸೆ ಇದ್ದರೆ ಕಾದ ಲೋಹ ಅಲ್ಲಿ ನಿಲ್ಲುವುದಿಲ್ಲ. ನನಗದು ಗೊತ್ತಿತ್ತು. ಗೊತ್ತಿದ್ದೂ ಅವಸರ ಮಾಡಿದೆ, ಪಾಪಿ ನಾನು. ಗಂಡ ಸುರಿಯುತ್ತಿದ್ದಂತೆ ಅಚ್ಚು ಢಮ್ಮೆಂದು ಒಡೆದು, ಹಿತ್ತಾಳೆ ಅವರ ಬಲಗಾಲಿನ ಮೇಲೆ ಸಿಡಿಯಿತು. ಕೂಗು ಹೊರಬೀಳದಂತೆ ಅವರು ಹೆಗಲ ವಸ್ತ್ರವನ್ನು ಕಚ್ಚಿ ಹಿಡಿದರು. ಅಯ್ಯೋ ಶಿವನೇ, ಆ ವಾಸನೆ ನೆನಪಾದರೆ ಇವತ್ತಿಗೂ ತುತ್ತು ಇಳಿಯುವುದಿಲ್ಲ.

ಬಂದವರು ನಮ್ಮ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಅವಳ ಮನೆಗೆ ಹೋಗಿ, ಅಂಗಳದಲ್ಲೇ ನಿಂತು ಅವಳ ಗಂಡನ ಹೆಸರು ಹಿಡಿದು ಕೂಗಿದರು. ಅವನು ಅಟ್ಟದಿಂದ ಇಳಿದು ಬಂದ. ಅವರು ಪೆಟ್ಟಿಗೆ ತೆರೆಯಲಿಲ್ಲ, ಒಂದು ಮಾತು ವಿಚಾರಿಸಲಿಲ್ಲ. ಕೈ ಹಿಂದಕ್ಕೆ ಕಟ್ಟಿ ಕಲಬುರಗಿ ದಾರಿಯಲ್ಲಿ ನಡೆಸಿಕೊಂಡು ಹೋದರು. ಅವನು ಮರಳಿ ಬರಲೇ ಇಲ್ಲ.

ಅವತ್ತು ಸಂಜೆ ಅವಳೇ ಬಂದು ನನ್ನ ಗಂಡನ ಕಾಲಿಗೆ ಲೋಳೆಸರ ಹಚ್ಚಿದಳು. ನನ್ನ ಮುಖ ನೋಡದೆ ಅಂದಳು:

“ಬಿಲ್ಲೆ ಎಲ್ಲಿ ಅದ ಅಂತ ಒಬ್ರೂ ಕೇಳಲಿಲ್ಲಲ್ಲಕ್ಕಾ.”