ಅಜ್ಜಿಯ ಜೇನು, ಅಕ್ಕನ ಹಾಲು

ಗುಟ್ಟು ಕಾಪಾಡುವುದರಲ್ಲಿ ಇಡೀ ಭದ್ರಾವತಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಹೆರಿಗೆಗೆ ಕುಂಸಿಯಿಂದ ನಮ್ಮ ನ್ಯೂ ಟೌನ್ ಮನೆಗೆ ಬಂದಾಗ ಅಮ್ಮ ನನಗೂ ವಿಷಯ ಹೇಳಿದಳು. ಬಸುರಿಯಾಗಿದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಅಕ್ಕನಿಗೆ ಎಚ್‌ಐವಿ ಇರುವುದು ಗೊತ್ತಾಗಿತ್ತು. ಅಂದಿನಿಂದ ಅವಳೂ ಭಾವನೂ ದಿನಾ ಮಾತ್ರೆ ನುಂಗುತ್ತಿದ್ದರು. ಮಗುವಿಗೆ ಸೋಂಕು ತಗಲದಿರಲು ಆರು ವಾರ ದಿನಕ್ಕೊಂದು ಸಲ ಸಿರಪ್ ಹಾಕಬೇಕು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಎಂದು ಶಿವಮೊಗ್ಗದ ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು.

ಅಜ್ಜಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮಜ್ಜಿ ಬಜೆ ತೇಯುವ ಕಲ್ಲು ಹಿಡಿದರೆ ಮಿಲಿಟರಿ ಬಂದರೂ ಬಿಡಿಸಲಾಗದು. ಬಜೆಬೇರು, ಚಿನ್ನದುಂಗುರ ತೇಯ್ದು ಜೇನಿನಲ್ಲಿ ಕಲಸಿ ಹಸುಗೂಸಿನ ನಾಲಿಗೆಗೆ ಹಚ್ಚಿದರೇನೇ ಮಾತು ಚೆನ್ನಾಗಿ ಬರುತ್ತದೆಂದು ಅವಳ ನಂಬಿಕೆ. ನನಗೆ ಒಂದು ಬಕೆಟ್ ಜಾಸ್ತಿಯೇ ಹಚ್ಚಿರಬೇಕು.

ಮಗು ಹುಟ್ಟಿದ ಮೇಲೆ ಅವಳನ್ನು ತಡೆಯುವ ಕೆಲಸ ನನ್ನ ಪಾಲಿಗೆ ಬಂತು.

"ಅಜ್ಜಿ, ಒಂದು ಹನಿ ಜೇನು ಬಿದ್ರೂ ಆಸ್ಪತ್ರೆ ಮೆಷಿನ್‌ನಲ್ಲಿ ಕೆಂಪು ಲೈಟ್ ಹತ್ತುತ್ತೆ. ಪೊಲೀಸ್ರು ಬರ್ತಾರೆ."

"ಬರ್ಲಿ ಬಿಡೇ ಮಾರಾಯ್ತಿ, ಅವ್ರಿಗೂ ಒಂಚೂರು ನೆಕ್ಕಿಸ್ತೀನಿ. ಐದು ಹೆತ್ತೋಳಿಗೆ ಪಾಠ ಹೇಳ್ತಾಳೆ!"

ಹೀಗೇ ಹತ್ತು ದಿನ ದೂಡಿದೆ. ಹನ್ನೊಂದನೆಯ ದಿನ ನಾಮಕರಣ. ಹಾಲ್ ತುಂಬ ನೆಂಟರು. ನಾನು ಎಲೆ ಹಾಕಿ ಒಳಕೋಣೆಗೆ ಬಂದರೆ, ಅಜ್ಜಿ ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದಳು. ಬೆರಳ ತುದಿಯಲ್ಲಿ ಜೇನು. ಮಗು ಬಾಯಿ ತೆರೆದಿತ್ತು. ನಾನು ಅಜ್ಜಿಯ ಕೈ ಹಿಡಿದುಕೊಂಡೆ. ಒಂದೇ ಒಂದು ಸುಳ್ಳೂ ಬಾಯಿಗೆ ಬರಲಿಲ್ಲ.

ಮಂಚದಿಂದ ಅಕ್ಕ ಮೆಲ್ಲಗೆ ಹೇಳಿದಳು: "ಅಜ್ಜಿ, ನಂಗೆ ಎಚ್‌ಐವಿ ಇದೆ."

ಹೊರಗೆ ಯಾರೋ ಪಾಯಸಕ್ಕೆ ಸಕ್ಕರೆ ಸಾಲದೆಂದು ಕೂಗುತ್ತಿದ್ದರು.

"ಮಗೂಗೆ?" ಅಜ್ಜಿ ಕೇಳಿದ್ದು ಅಷ್ಟೇ.

"ಗೊತ್ತಿಲ್ಲ. ಆರು ವಾರಕ್ಕೆ ಟೆಸ್ಟ್ ಮಾಡ್ತಾರೆ. ಅದರ ಹೊಟ್ಟೆ ಇನ್ನೂ ತುಂಬ ಎಳೇದು. ನನ್ ಹಾಲಿಂದ್ಲೂ ಅಂಟಬಹುದು, ಮಾತ್ರೆ ತಗೊಂಡ್ರೆ ಆ ಭಯ ಕಮ್ಮಿ. ಹಾಲಿನ ಜೊತೆ ಬೇರೆ ಏನಾದ್ರೂ ಹೋದ್ರೆ ಜಾಸ್ತಿಯಂತೆ."

ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದು ಸಾಲದೆಂದು ಮತ್ತೆ ಒರೆಸಿದಳು. "ಇಷ್ಟು ಹೇಳೋಕೆ ಹನ್ನೊಂದು ದಿನ ಬೇಕಾಯ್ತೇನೇ? ನಾನು ಹಚ್ಚೇಬಿಟ್ಟಿದ್ರೆ?" ಎಂದಳು. ಎದ್ದು ಮಗುವನ್ನು ಅಕ್ಕನ ಪಕ್ಕ ಮಲಗಿಸಿ, ಅವಳ ತಲೆ ಸವರಿ ಹೊರಗೆ ಹೋದಳು.

ಹಾಲ್‌ನಲ್ಲಿ ದೊಡ್ಡತ್ತೆ ಸಕ್ಕರೆ ಡಬ್ಬಿ ಹಿಡಿದು ಕಾಯುತ್ತಿದ್ದರು. "ಮಗೂನ ತನ್ನಿ, ಬಾಯಿ ಸಿಹಿ ಮಾಡಣ."

"ಆಗಲ್ಲಮ್ಮ. ಚೌಡಮ್ಮಂಗೆ ಹರಕೆ ಹೊತ್ತಿದೀನಿ. ಆರು ತಿಂಗಳು ತಾಯಿ ಹಾಲು ಬಿಟ್ಟು ಇನ್ನೇನೂ ಸೋಕಿಸೋ ಹಾಗಿಲ್ಲ," ಎಂದಳು ಅಜ್ಜಿ.

ಡಾಕ್ಟರ ಮಾತಾಗಿದ್ದರೆ ದೊಡ್ಡತ್ತೆ ಸಂಜೆಯವರೆಗೂ ವಾದಿಸುತ್ತಿದ್ದರು. ಹರಕೆ ಎಂದೊಡನೆ ಡಬ್ಬಿ ಮುಚ್ಚಿದರು. ಸುಳ್ಳಿನಲ್ಲಿ ನನಗೇ ಮೊದಲ ಬಹುಮಾನ ಎಂದುಕೊಂಡಿದ್ದ ನಾನು ಅಲ್ಲೇ ಅಜ್ಜಿಗೆ ಶರಣಾದೆ.

ಆರು ವಾರಕ್ಕೆ ಶಿವಮೊಗ್ಗದಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ರಕ್ತದ ಹನಿಗಳನ್ನು ತೆಗೆದುಕೊಂಡರು. ಫಲಿತಾಂಶಕ್ಕೆ ಮತ್ತೆ ಹೋದದ್ದು ಹಲವು ದಿನ ಕಾದ ಮೇಲೆ.

"ಈಗ ಮಗೂಗೆ ಸೋಂಕಿಲ್ಲ," ಎಂದರು ಸಿಸ್ಟರ್. "ನಿಮ್ ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ. ಮುಂದೂ ಟೆಸ್ಟ್ ಇರುತ್ತೆ, ಕೊನೇದು ಹದಿನೆಂಟು ತಿಂಗಳಿಗೆ."

ಅಕ್ಕ ಫಲಿತಾಂಶದ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತು, ಸೆರಗು ಮರೆಮಾಡಿಕೊಂಡು ಹಾಲು ಕೊಟ್ಟಳು. ಅಷ್ಟು ದಿನ ಹಾಲೂಡುವಾಗಲೆಲ್ಲ ಗೋಡೆ ನೋಡುತ್ತಿದ್ದವಳು ಅವತ್ತು ಮಗುವಿನ ಮುಖ ನೋಡುತ್ತಿದ್ದಳು.