ಲ್ಯಾಪ್‌ಟಾಪಿನ ಹಣೆ ಎಲ್ಲಿರುತ್ತದೆ?

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ಬಸ್ಸಿನಲ್ಲಿ ಯಾರಾದರೂ ಅದರ ಮೇಲೆ ಜೋಳದ ಚೀಲ ಇಡಬಹುದಿತ್ತು. ಕಿಟಕಿಯ ಬಿಸಿಲಿಗೆ ಬ್ಯಾಟರಿ ಉಬ್ಬಬಹುದಿತ್ತು. ಬಾಕ್ಸ್ ಒಡೆದರೆ ಲ್ಯಾಪ್‌ಟಾಪಿನ ಬದಲು ಟೈಲ್ಸ್ ತುಂಡು ಇರಬಹುದಿತ್ತು (ಇಂಥ ವಿಡಿಯೊ ನೋಡಿದ್ದೇನೆ, ಒಂದಲ್ಲ, ನಾಲ್ಕು). ವೋಲ್ಟೇಜ್ ಏರಿ ಚಾರ್ಜರ್ ಸುಡಬಹುದಿತ್ತು. ಇಲಿ ವೈರ್ ಕಡಿಯಬಹುದಿತ್ತು. ಸರಿಯಾಗಿ ಭಾನುವಾರ ಹನ್ನೊಂದಕ್ಕೇ ಇಂಟರ್‌ನೆಟ್ ಹೋಗಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಆದದ್ದು ಒಂದೇ, ಅದೂ ಬೆರಳಗಲದ್ದು. ಅಲ್ಲಿಗೆ ಬರುತ್ತೇನೆ, ತಡೆಯಿರಿ.

ನನ್ನ ಹೆಂಡತಿ ಸುವರ್ಣಾ ರಾಜೇಶ್ವರದ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದವಳು. ಮೊಣಕಾಲು ದಿನಾ ಬಸ್ಸು ಹತ್ತಲು ಒಪ್ಪದೆ ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಮಕ್ಕಳು ಸಿಗದೆ ನನಗೇ ಕಲಿಸತೊಡಗಿದ್ದಳು. ಚಹಾಕ್ಕೆ ಸಕ್ಕರೆ ಹಾಕಿಕೊಂಡರೆ ಅನುಪಾತ, ಅಂಗಳ ಗುಡಿಸಿದರೆ ಕ್ಷೇತ್ರಫಲ. ಅಷ್ಟರಲ್ಲಿ ಒಂದು ಆನ್‌ಲೈನ್ ಟ್ಯೂಷನ್ ಕಂಪನಿಯವರು ತಿಂಗಳ ಕೊನೆಯ ಭಾನುವಾರ ಡೆಮೊ ಕ್ಲಾಸ್ ಕೊಡಿ, ಹಿಡಿಸಿದರೆ ಸೇರಿಸಿಕೊಳ್ಳುತ್ತೇವೆ ಎಂದರು. ಮೊಬೈಲಿನಲ್ಲಿ ನಡೆಯದು, ಕಂಪ್ಯೂಟರ್ ಬೇಕು. ಅವಳಿಗೆ ಮತ್ತೆ ಕ್ಲಾಸು ಸಿಗುವುದೋ ಇಲ್ಲವೋ ಎಂಬುದೆಲ್ಲ ಆ ಒಂದು ಗಂಟೆಯ ಮೇಲೆ ನಿಂತಿತ್ತು.

ಯಾವ ಕಂಪ್ಯೂಟರ್? ಇದನ್ನು ನನ್ನಂಥವನ ಕೈಗೆ ಕೊಡಬಾರದಿತ್ತು.

ಭಾವಮೈದುನ ಡೆಸ್ಕ್‌ಟಾಪೇ ಸೈ ಎಂದ. ಯಾರೂ ಎತ್ತಿಕೊಂಡು ಓಡುವುದಿಲ್ಲ, ಕೆಟ್ಟರೆ ಒಂದೊಂದೇ ಭಾಗ ಬದಲಿಸಬಹುದು. ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಲ್ಯಾಪ್‌ಟಾಪ್ ಎಂದರು (ಅವರ ಮನೆಯಲ್ಲಿ ಎರಡೂ ಇಲ್ಲ). ನಾನು ಮೂರು ವಾರ ನಿದ್ದೆಗೆಟ್ಟು ಒಂದು ಪಟ್ಟಿ ಮಾಡಿದೆ. ಎಲ್ಲವೂ ದೊಡ್ಡದೇ. ದೊಡ್ಡ ಸ್ಕ್ರೀನ್, ದೊಡ್ಡ ಮೆಮೊರಿ, ಗ್ರಾಫಿಕ್ಸ್ ಕಾರ್ಡ್. ಯಾತಕ್ಕೆ? ಮುಂದೆ ಬೇಕಾದರೆ?

ನಮ್ಮ ಕಡೆಯ ಮಾಳಿಗೆಗಳನ್ನು ನೋಡಿದ್ದೀರಲ್ಲ? ಎಂದೋ ಕಟ್ಟುವ ಮೇಲಂತಸ್ತಿಗೆಂದು ಬಿಟ್ಟ ಕಬ್ಬಿಣದ ಸಲಾಕೆಗಳು ಇಪ್ಪತ್ತು ವರ್ಷದಿಂದ ಆಕಾಶ ನೋಡುತ್ತ ನಿಂತಿರುತ್ತವೆ. ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತೇವೆ. ನನ್ನ ಪಟ್ಟಿಯೂ ಅಂಥದೇ.

ಶನಿವಾರ ಹುಮನಾಬಾದಿಗೆ ಹೋದೆವು. ಅಂಗಡಿಯ ರಫೀಕ್ ಭಾಯಿ ನನ್ನ ಪಟ್ಟಿಯನ್ನು ಎರಡೂ ಬದಿ ಓದಿದ. ಮಡಚಿ ನನ್ನ ಕೈಗೇ ಕೊಟ್ಟ. ಆಮೇಲೆ ಸುವರ್ಣಾ ಕಡೆ ತಿರುಗಿದ.

“ಅಕ್ಕಾರ, ಇದರಾಗ ನೀವು ಏನ್ ಮಾಡೋರ್ರಿ?”

“ಲೆಕ್ಕ ಕಲಸ್ತೀನ್ರಿ. ಬೋರ್ಡ್ ಮ್ಯಾಲ ಬರದಿದ್ದು ಹುಡುಗ್ರಿಗಿ ಕಾಣಬೇಕು, ನನ್ನ ದನಿ ಕೇಳಬೇಕು. ಕರೆಂಟ್ ಹೋದ್ರ ಕ್ಲಾಸ್ ನಿಂದರಬಾರ್ದು.”

“ಸಾಹೇಬ್ರ ಪಟ್ಟಿ ಸಿನೇಮಾ ಮಾಡೋರ್ದು ಐತ್ರಿ.”

“ಅವ್ರಿಗಿ ಚಿಂತಿ ಮಾಡ್ಲಾಕ ಬೇಕಾಗ್ಯಾದ್ರಿ. ಅದಕ್ಕ ಎಷ್ಟ್ ಜಿಬಿ ಇದ್ರೂ ಸಾಲಂಗಿಲ್ಲ.”

ಕರೆಂಟಿನ ಮಾತಿಗೇ ಡೆಸ್ಕ್‌ಟಾಪ್ ಹೊರಬಿತ್ತು. ಉಳಿದ ಲ್ಯಾಪ್‌ಟಾಪುಗಳಲ್ಲಿ ಅವಳು ಒಂದನ್ನು ಎತ್ತಿ ತೂಕ ನೋಡಿದಳು, ಇನ್ನೊಂದರಲ್ಲಿ ನಾಲ್ಕು ಸಾಲು ಟೈಪ್ ಮಾಡಿದಳು, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆಂದು ಕೇಳಿದಳು, ಕ್ಯಾಮೆರಾ ಹಚ್ಚಿಸಿ ಕೂದಲು ಸರಿಮಾಡಿಕೊಂಡಳು. ಹತ್ತು ನಿಮಿಷ. ಎಂಟು ಜಿಬಿಯದು ಸಾಕು ಎಂದಳು. ನನ್ನ ಮೂರು ವಾರಕ್ಕೆ ತುಸು ಅವಮಾನವೇ ಆಯಿತೆನ್ನಿ.

ಕೊಳ್ಳುವಾಗ ನಾವು ನಮ್ಮ ಕೆಲಸದ ಮಾತು ಕೇಳುತ್ತೇವೋ, ನಮ್ಮ ಹೆದರಿಕೆಯ ಮಾತು ಕೇಳುತ್ತೇವೋ? ನಾನಂತೂ ಎರಡನೆಯ ಪಂಗಡ.

ಬಸ್ಸಿನಲ್ಲಿ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಹಸುಗೂಸಿನಂತೆ ಮನೆ ಮುಟ್ಟಿಸಿದೆ. ಈಗ ಪೂಜೆ. ನಮ್ಮ ಮನೆಯಲ್ಲಿ ಹೊಸ ವಸ್ತುವಿಗೆ ವಿಭೂತಿ ಹಚ್ಚದೆ ಸ್ವಿಚ್ ಒತ್ತುವುದಿಲ್ಲ. ಮಿಕ್ಸರ್, ಫ್ರಿಜ್, ಬೈಕ್, ಎಲ್ಲವೂ ಹಾಗೆಯೇ ಸೇವೆಗೆ ಸೇರಿದವು. ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ ನಾನೇ ಕೂತೆ.

ಬೈಕಿನ ಹಣೆ ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಲ್ಯಾಪ್‌ಟಾಪಿನದು? ಮುಚ್ಚಳದ ಮೇಲೆ ಹಚ್ಚಿದರೆ ಕೈತಾಗಿ ಅಳಿಸುತ್ತದೆ. ಕೀಲಿಗಳ ಮೇಲೆ ಹಚ್ಚಿದರೆ ಸಂದಿಗಿಳಿದು ಕೆಡುತ್ತದೆ (ನೋಡಿ, ಎಷ್ಟು ಮುಂಜಾಗ್ರತೆ). ಕೊನೆಗೆ ತೆರೆದು, ಸ್ಕ್ರೀನಿನ ಮೇಲಂಚಿನ ನಟ್ಟನಡುವೆ, ನೀರಲ್ಲಿ ತೊಯ್ಸಿದ ವಿಭೂತಿಯನ್ನು ಒಂದು ಬೆರಳಿನಿಂದ ಗಟ್ಟಿಯಾಗಿ ಎಳೆದೆ. ಒಣಗಿದ ಮೇಲೆ ಲಕ್ಷಣವಾಗಿ ಕಂಡಿತು.

ಹನ್ನೊಂದಕ್ಕೆ ಸುವರ್ಣಾ ಇಳಕಲ್ ಸೀರೆ ಉಟ್ಟು ಕೂತಳು. ಸ್ಕ್ರೀನಿನಲ್ಲಿ ಕಂಪನಿಯ ಇಬ್ಬರು ಬಂದರು. “ಮೇಡಂ, ನಿಮ್ಮ ಕಡೆ ಮಂಜು ಜಾಸ್ತಿನಾ?” ಎಂದರು.

ಏಪ್ರಿಲ್ ತಿಂಗಳ ಬಸವಕಲ್ಯಾಣದಲ್ಲಿ ಮಂಜು.

ಕಿಟಕಿ ತೆರೆದೆ. ಮುಚ್ಚಿದೆ. ಟ್ಯೂಬ್‌ಲೈಟ್ ಹಚ್ಚಿದೆ. ಬಿಸಿಲು ತಿರುಗಿಸಲು ಕನ್ನಡಿಗೆಂದು ಓಡುತ್ತಿದ್ದ ನನ್ನನ್ನು ಸುವರ್ಣಾ ತಡೆದು, “ನೀವು ಮೊದಲ ಒಂದ್ ಕಡೆ ಕೂಡ್ರಿ” ಎಂದಳು. ಮೈಕ್ ಚಾಲೂ ಇತ್ತು. ಅತ್ತ ಇಬ್ಬರೂ ನಕ್ಕರು.

ಅವಳು ತನ್ನ ಮುಖದ ಗೊಡವೆ ಬಿಟ್ಟು ಸ್ಕ್ರೀನಿನ ಬೋರ್ಡಿನ ಮೇಲೆ ಒಂದು ಖಡಕ್ ರೊಟ್ಟಿ ಬರೆದಳು. ಅದನ್ನು ಮುರಿದು ಅರ್ಧ, ಕಾಲು, ಅರೆಕಾಲು ಮಾಡುತ್ತ ಭಿನ್ನರಾಶಿ ಶುರುಮಾಡಿದಳು. ಆರು ತಿಂಗಳಿಂದ ಕೇಳದಿದ್ದ ದನಿ ಮರಳಿ ಬಂದಿತ್ತು. ಮೂಲೆಯಲ್ಲಿ ಕೂತ ನನಗೂ ಭಿನ್ನರಾಶಿ ಹೊಳೆದು, ಹಸಿವೂ ಆಯಿತು.

ಮುಗಿದಾಗ ಅತ್ತಲಿಂದ ಒಬ್ಬರು, “ಮೇಡಂ, ತುಂಬಾ ಚೆನ್ನಾಗಿತ್ತು. ನಾಳೆಯಿಂದಲೇ ಕ್ಲಾಸ್ ತಗೊಳ್ಳಿ. ಆದ್ರೆ ಲ್ಯಾಪ್‌ಟಾಪ್ ಆರಿಸುವಾಗ ಗೊತ್ತಿರೋರನ್ನ ಕೇಳಬೇಕಿತ್ತು. ಕ್ಯಾಮೆರಾ ಸರಿಯಿಲ್ಲ, ಬದಲಾಯಿಸಿಬಿಡಿ” ಎಂದರು.

ಸುವರ್ಣಾ ಸಂತೋಷ ಪಡುವ ಮೊದಲೇ ಸಿಟ್ಟಾದಳು. ರಫೀಕ್ ಭಾಯಿಗೆ ಫೋನ್ ಹಚ್ಚಿ, ಸ್ಪೀಕರಿನಲ್ಲಿಟ್ಟು, ಕ್ಯಾಮೆರಾದಲ್ಲಿ ಬರೀ ಮಂಜು ಕಾಣುತ್ತದೆ, ನಾಳೆ ಮುಂಜಾನೆಯೇ ತಂದು ನಿಮ್ಮ ಟೇಬಲ್ ಮೇಲೆ ಇಡುತ್ತೇನೆಂದು ಒಂದೇ ಉಸಿರಿಗೆ ಹೇಳಿದಳು. ಅತ್ತ ಅವನು ಗಾಬರಿಯಾಗಲಿಲ್ಲ.

“ತರೂದ್ ಬ್ಯಾಡ್ರಿ ಅಕ್ಕಾರ. ಸಾಹೇಬ್ರು ಪೂಜಾ ಮಾಡ್ಯಾರೇನ್ರಿ? ಎಲ್ಲಿ ಹಚ್ಚ್ಯಾರ, ಕೇಳ್ರಿ.”

ಸುವರ್ಣಾ ಸ್ಕ್ರೀನಿನ ಮೇಲಂಚಿನಲ್ಲಿದ್ದ ಕ್ಯಾಮೆರಾದ ಕಣ್ಣನ್ನು ನೋಡಿ, ನನ್ನತ್ತ ತಿರುಗಿದಳು. ನಾನು ಬೆರಳನ್ನು ಪಂಚೆಗೆ ಒರೆಸಿಕೊಂಡೆ.

ಅಲ್ಲ, ಇಪ್ಪತ್ತು ಭಾಷೆಗಳಲ್ಲಿ ಪುಸ್ತಕ ಅಚ್ಚುಹಾಕಿ ಬಾಕ್ಸಿನಲ್ಲಿಡುವ ಕಂಪನಿಗಳು, ವಿಭೂತಿ ಎಲ್ಲಿ ಹಚ್ಚಬೇಕೆಂದು ಒಂದು ಸಾಲು ಬರೆದರೆ ಅವರ ಗಂಟೇನು ಹೋಗುತ್ತದೆ?